ಹಸಿಗೂಸಿನ ಕಿವಿ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ನನ್ನ ತಂಗಿಯ ಬಾಣಂತನ ನಡೆದಿತ್ತು. ಕೂಸಿಗೆ ಎರೆಯಲು ಓಣಿಯ ಅಜ್ಜಿಯೊಬ್ಬಳು ದಿನಾ ಬೆಳಿಗ್ಗೆ ಬರುತ್ತಿದ್ದಳು. ಬಚ್ಚಲಲ್ಲಿ ಎರಡೂ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿದ ಅಂಗೈಯಿಂದ ತಲೆಯನ್ನು ಸುತ್ತಲೂ ಒತ್ತಿ ಸವರುವಳು. ಮೂಗನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಎಳೆಯುವಳು. ಎರೆದು ಮುಗಿದ ಮೇಲೆ ತಲೆಯ ಕೆಳಗೆ ಬಟ್ಟೆಯ ಸಿಂಬಿ, ತಲೆಯ ಮೇಲೆ ಕುಂಚಿಗೆ. "ಹಸೀ ಮೈ ಐತಿ, ಈಗ ಹೆಂಗ ಒತ್ತಿದ್ರ ಹಂಗ ಕೂಡತೈತಿ. ತಿಂಗಳ ದಾಟಿದ ಮ್ಯಾಲ ಏನ ಒತ್ತಿದ್ರೂ ಅಷ್ಟ" ಎನ್ನುವುದು ಅವಳ ಶಾಸ್ತ್ರ. ಆ ಕೂಸಿನ ಎರಡೂ ಕಿವಿ ತಲೆಗೆ ಒರಗದೆ ಕಡಾಯಿಯ ಕಿವಿಯ ಹಾಗೆ ಹೊರಗೆ ನಿಂತಿದ್ದವು. ಅವನ್ನು ಮಾತ್ರ ಒರೆಸಿ ಬಿಟ್ಟುಬಿಟ್ಟಳು. "ಅವರಪ್ಪನ ಕಿವಿ ಬಂದಾವು, ಇರ್ಲಿ ಬಿಡು" ಅಂದಳು.

ಈಗ ಯೋಚಿಸಿದರೆ, ತಲೆ ಮತ್ತು ಮೂಗಿನ ಮಟ್ಟಿಗೆ ಅಜ್ಜಿಯ ಶಾಸ್ತ್ರ ಸುಳ್ಳು. ಹೆರಿಗೆಯ ಒತ್ತಡಕ್ಕೆ ಉದ್ದವಾದ ತಲೆ ಬಹುಮಟ್ಟಿಗೆ ತಾನಾಗಿಯೇ ದುಂಡಗಾಗುತ್ತದೆ. ಎಳೆದ ಮಾತ್ರಕ್ಕೆ ಮೂಗು ನೀಳವಾಗುವುದಿಲ್ಲ. ಆದರೆ ಆಕೆ ಮುಟ್ಟದೆ ಬಿಟ್ಟ ಕಿವಿಯ ಮಟ್ಟಿಗೆ ಅದೇ ಶಾಸ್ತ್ರ ನೂರಕ್ಕೆ ನೂರು ನಿಜ. ಮೈಯ ಅಂಗಗಳಲ್ಲಿ ಮೊದಲ ಕೆಲವು ವಾರ ಹೇಳಿದ ಹಾಗೆ ಕೇಳುವುದು, ಆಮೇಲೆ ಹಟ ಹಿಡಿಯುವುದು ಹೊರಕಿವಿ. ಕತ್ತಿ ಹಚ್ಚದೆ ಚಾಚಿದ ಕಿವಿಯನ್ನು ಸರಿಪಡಿಸುವ ದಾರಿಗಳನ್ನು ಹುಡುಕುತ್ತ ಹೋದವನಿಗೆ ಕಡೆಗೆ ಸಿಕ್ಕಿದ್ದು ಇದೊಂದೇ ಮಾತು. ಉಳಿದದ್ದೆಲ್ಲ ಮುಚ್ಚುವ ಉಪಾಯ, ಇಲ್ಲವೇ ವ್ಯಾಪಾರ.

ಮೊದಲು ಚಾಚಿದ ಕಿವಿ ಎಂದರೆ ಯಾವುದು ಎಂದು ನೋಡೋಣ. ಹೊರಕಿವಿಯ ಅಂಚು ತಲೆಯಿಂದ ಸುಮಾರು 2 ಸೆಂಟಿಮೀಟರಿಗಿಂತ ಹೆಚ್ಚು ದೂರ ನಿಂತರೆ ಅದು ಎದ್ದುಕಾಣುವ ಕಿವಿ ಎಂದು ವೈದ್ಯರು ಹೇಳುತ್ತಾರೆ. ಇದಕ್ಕೆ ಕಾರಣ ಎರಡು, ಅನೇಕ ಸಲ ಎರಡೂ ಕೂಡಿಯೇ ಇರುತ್ತವೆ. ಕನ್ನಡಿಯ ಮುಂದೆ ನಿಂತು ನಿಮ್ಮ ಕಿವಿ ನೋಡಿಕೊಳ್ಳಿ: ಹೊರ ಅಂಚಿನ ಒಳಗಡೆ ಅದಕ್ಕೆ ಜೊತೆಯಾಗಿ ಇನ್ನೊಂದು ಏಣು ಓಡುತ್ತದೆ. ಆ ಮಡಿಕೆ ಸರಿಯಾಗಿ ಮೂಡದಿದ್ದರೆ ಕಿವಿ ಹಿಂದಕ್ಕೆ ಬಾಗುವುದಿಲ್ಲ, ಬಿಚ್ಚಿದ ಎಲೆಯಂತೆ ನಿಲ್ಲುತ್ತದೆ. ಕಿವಿಯ ತೂತಿನ ಸುತ್ತಲಿನ ಬಟ್ಟಲು ಅತಿ ಆಳವಾಗಿದ್ದರೆ ಅದು ಇಡೀ ಕಿವಿಯನ್ನೇ ಹೊರಕ್ಕೆ ದೂಡುತ್ತದೆ. ಇದು ಮನೆತನದಲ್ಲಿ ಇಳಿದು ಬರುವ ಗುಣ, ಅಜ್ಜಿ "ಅವರಪ್ಪನ ಕಿವಿ" ಎಂದದ್ದರಲ್ಲಿ ತಪ್ಪಿಲ್ಲ. ಕೇಳುವ ಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಮಾಸ್ತರರು ಕಿವಿ ಹಿಂಡಿದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ. ಹಿಂಡುವುದು ಕೆಟ್ಟದ್ದು ನಿಜ, ಆದರೆ ಈ ಆಪಾದನೆ ಅದರ ಮೇಲೆ ನಿಲ್ಲುವುದಿಲ್ಲ.

ಪಶ್ಚಿಮದ ದೇಶಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು ಐದು ಜನರಿಗೆ ಇಂಥ ಕಿವಿ. ನಮ್ಮಲ್ಲಿ ಇದಕ್ಕೆ ರೋಗದ ಹೆಸರಿಲ್ಲ, ಅಡ್ಡಹೆಸರು ಮಾತ್ರ ಉಂಟು: ಮೊರಗಿವಿ, ಆನಿಕಿವಿ. ಮೊರದಗಲ ಕಿವಿ ಎಂಬುದನ್ನು ಗಣಪನಿಗೆ ಹೇಳಿದರೆ ಸ್ತುತಿ, ಐದನೇ ಈಯತ್ತೆಯ ಹುಡುಗನಿಗೆ ಹೇಳಿದರೆ ಬೈಗುಳ. ಗಾಂಧಿಯವರ ಚಿತ್ರ ಬಿಡಿಸು ಎಂದರೆ ಮಕ್ಕಳು ಒಂದು ಬೋಳುತಲೆ, ಒಂದು ಕನ್ನಡಕ, ಎರಡು ದೊಡ್ಡ ಕಿವಿ ಬರೆದು ಮುಗಿಸುತ್ತಾರೆ, ಯಾರೂ ಅದನ್ನು ದೋಷ ಎನ್ನುವುದಿಲ್ಲ. ಚೀನಾದಲ್ಲಂತೂ ಕೆಲವು ವರ್ಷಗಳ ಹಿಂದೆ ಯುವಕ ಯುವತಿಯರು ದುಡ್ಡು ಕೊಟ್ಟು, ಕಿವಿಯ ಹಿಂದೆ ಇಂಜೆಕ್ಷನ್ ಹಾಕಿಸಿಕೊಂಡು ಕಿವಿಯನ್ನು ಹೊರಕ್ಕೆ ಚಾಚಿಸಿಕೊಳ್ಳುವ ಹುಚ್ಚಿಗೆ ಬಿದ್ದರು. ಹಾಗಿದ್ದರೆ ಮುಖ ಸಣ್ಣದಾಗಿ ಕಾಣುತ್ತದಂತೆ. ನಮ್ಮ ಹುಡುಗರು ಮುಚ್ಚಿಕೊಳ್ಳುವುದನ್ನು ಅಲ್ಲಿ ಕೊಂಡುಕೊಳ್ಳುತ್ತಾರೆ.

ಕಿವಿಯನ್ನು ತಿದ್ದುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕಿವಿ ಚುಚ್ಚುವುದಕ್ಕೂ ಹರಿದ ಹಾಲೆಯನ್ನು ಕೂಡಿಸುವುದಕ್ಕೂ ಒಂದು ಅಧ್ಯಾಯವೇ ಇದೆ, ಕೂಡಿಸುವ 15 ಬಗೆಗಳನ್ನು ಅದು ಹೇಳುತ್ತದೆ. ಆದರೆ ಅದು ಹಾಲೆಯ ಮಾತು, ಒಡವೆಯ ಭಾರಕ್ಕೆ ಹರಿದ ಮೆದು ಮಾಂಸದ ಮಾತು. ಚಾಚಿದ ಕಿವಿಯ ತಕರಾರು ಮೇಲಿನ ಮೃದ್ವಸ್ಥಿಯದು, ಅಂದರೆ ಮೆತ್ತನೆ ಎಲುಬಿನದು. ಅದಕ್ಕೆ 1881ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಈಲಿ ಶಸ್ತ್ರಚಿಕಿತ್ಸೆ ಮಾಡಿ ದಾರಿ ತೋರಿಸಿದ. ಅಲ್ಲಿಂದ ಸುಮಾರು ನೂರು ವರ್ಷ, ಕಿವಿ ಒಳಗೆ ಹೋಗಬೇಕೆಂದರೆ ಕತ್ತಿಯೇ ಗತಿ ಎಂಬುದೇ ವೈದ್ಯಲೋಕದ ತಿಳಿವಳಿಕೆಯಾಗಿತ್ತು.

ಅದನ್ನು ಮುರಿದವರು ಜಪಾನಿನವರು. 1980ರ ದಶಕದ ಮೊದಲಲ್ಲಿ ಕುರೊಜುಮಿ, ಮತ್ಸುವೊ ಮೊದಲಾದ ವೈದ್ಯರು ಹುಟ್ಟಿದ ಕೆಲವೇ ದಿನದ ಕೂಸುಗಳ ಕಿವಿಗೆ ಚಿಕ್ಕ ಅಚ್ಚು ಕೂರಿಸಿ, ಟೇಪು ಹಚ್ಚಿ, ವಾರಗಳಲ್ಲಿ ಕಿವಿ ತಿದ್ದಿ ತೋರಿಸಿದರು. ಕಾರಣ ತಾಯಿಯ ರಕ್ತದಲ್ಲಿದೆ. ಬಸಿರಿನ ಕೊನೆಯಲ್ಲಿ ತಾಯಿಯ ಈಸ್ಟ್ರೋಜೆನ್ ಎಂಬ ಹಾರ್ಮೋನು ಕೂಸಿನ ಮೈಯಲ್ಲೂ ತುಂಬಿರುತ್ತದೆ. ಅದರಿಂದ ಮೃದ್ವಸ್ಥಿಯಲ್ಲಿ ಹಯಲುರಾನಿಕ್ ಆಮ್ಲ ಹೆಚ್ಚಿ ಅದು ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ಹುಟ್ಟಿದ ಮೊದಲ ಮೂರು ದಿನ ಈ ಈಸ್ಟ್ರೋಜೆನ್ ಅತಿ ಹೆಚ್ಚು. ಆಮೇಲೆ ಇಳಿಯುತ್ತ ಸುಮಾರು ಆರು ವಾರಕ್ಕೆ ಮಾಮೂಲಿಗೆ ಬರುತ್ತದೆ. ಹಿಟ್ಟು ಆರಿ ಗಟ್ಟಿಯಾಗುವುದೂ ಆಗಲೇ. ಅಜ್ಜಿ "ತಿಂಗಳ ದಾಟಿದ ಮ್ಯಾಲ" ಎಂದದ್ದಕ್ಕೂ ಈ ಲೆಕ್ಕಕ್ಕೂ ಎಷ್ಟು ಸಣ್ಣ ಅಂತರವಿದೆ ನೋಡಿ.

ಮತ್ಸುವೊ ಇನ್ನೊಂದು ಸಂಗತಿ ಗಮನಿಸಿದರು, ನನಗೆ ಇಡೀ ವಿಷಯದಲ್ಲಿ ಬಹಳ ಕುತೂಹಲ ಹುಟ್ಟಿಸಿದ್ದು ಇದೇ. ಚಾಚಿದ ಕಿವಿ ಹುಟ್ಟಿದಾಗ ಶೇ. 0.4 ಕೂಸುಗಳಲ್ಲಿ ಮಾತ್ರ ಕಂಡಿತು. ಅವೇ ಕೂಸುಗಳಿಗೆ ಒಂದು ವರ್ಷವಾದಾಗ ಶೇ. 5.5ಕ್ಕೆ ಏರಿತ್ತು. ಅಂದರೆ ಎಷ್ಟೋ ಕಿವಿಗಳು ಹುಟ್ಟಿನಲ್ಲಿ ಸರಿಯಾಗಿದ್ದು ಆಮೇಲೆ ಹೊರಕ್ಕೆ ಬಂದವು. ಮಗ್ಗಲಾಗಿ ಮಲಗಿದ ಕೂಸಿನ ಮೆತ್ತನೆ ಕಿವಿ ಮುಂದಕ್ಕೆ ಮಡಚಿಕೊಂಡು ತಲೆಯ ಭಾರದಡಿ ಗಂಟೆಗಟ್ಟಲೆ ಹಾಗೆಯೇ ಇರುವುದೂ ಒಂದು ಕಾರಣವಿರಬಹುದು ಎಂಬ ವಾದವಿದೆ. ಇಲ್ಲಿ ನಮ್ಮ ಕುಂಚಿಗೆ ನೆನಪಾಗುತ್ತದೆ. ಅವಸರದಲ್ಲಿ ಎಳೆದು ಕಟ್ಟುವಾಗ ಕಿವಿಯ ಮೇಲಂಚು ಬಟ್ಟೆಯೊಳಗೆ ಮುಂದಕ್ಕೆ ಮಡಚಿಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಕಟ್ಟಿದ ಮೇಲೆ ಎರಡೂ ಬದಿಗೆ ಒಂದು ಬೆರಳು ತೂರಿಸಿ ಕಿವಿ ಹಿಂದಕ್ಕೆ ಒರಗಿದೆಯೇ ಎಂದು ನೋಡಿಕೊಳ್ಳುವುದು, ಹಾಲು ಕುಡಿಸಿ ಮಲಗಿಸುವಾಗಲೂ ಅಷ್ಟನ್ನೇ ಮಾಡುವುದು, ಖರ್ಚಿಲ್ಲದ ಕೆಲಸ. ಆದರೆ ಕುಂಚಿಗೆಯನ್ನೇ ಬಿಗಿಯಾಗಿ ಬಿಗಿದರೆ ಕಿವಿ ಸರಿಹೋಗುತ್ತದೆ ಎಂಬುದು ಹುಸಿ. ಬಿಗಿದ ಬಟ್ಟೆ ಕಿವಿಯನ್ನು ಒತ್ತುತ್ತದೆ, ಬೇಕಾದ ಮಡಿಕೆಯನ್ನು ಮೂಡಿಸುವುದಿಲ್ಲ.

ಮಡಿಕೆ ಮೂಡಿಸುವುದು ಅಚ್ಚಿನ ಕೆಲಸ. ಕಿವಿಯ ಹಿಂದಿನ ಕೂದಲನ್ನು ಸ್ವಲ್ಪ ತೆಗೆದು, ಚರ್ಮದ ಎಣ್ಣೆ ಒರೆಸಿ, ಹೊರ ಅಂಚಿನ ಒಳಗಿನ ಹಳ್ಳದಲ್ಲಿ ಒಂದು ಮೆತ್ತನೆ ಕಂಬಿ ಕೂರಿಸುತ್ತಾರೆ. ಅದು ಸಿಲಿಕೋನಿನದಿರಬಹುದು, ಇಲ್ಲವೇ ಆಸ್ಪತ್ರೆಯಲ್ಲಿ ದಿನಾ ಬಳಸುವ ತೆಳು ನಳಿಕೆಯೊಳಗೆ ಸಣ್ಣ ತಂತಿ ತೂರಿಸಿ ಮಾಡಿದ್ದಿರಬಹುದು. ಅದರ ಮೇಲೆ ಕಾಗದದ ಟೇಪು, ಆಮೇಲೆ ಇಡೀ ಕಿವಿಯನ್ನು ತಲೆಗೆ ಒರಗಿಸಿ ಇನ್ನೊಂದು ಟೇಪು. ವಾರಕ್ಕೊಮ್ಮೆ ಬಿಚ್ಚಿ, ಚರ್ಮ ನೋಡಿ, ಹೊಸದು ಹಾಕುತ್ತಾರೆ. ಮೊದಲ ವಾರದಲ್ಲಿ ಶುರುಮಾಡಿದರೆ ಕೆಲವೇ ವಾರ ಸಾಕು. ಎರಡು ಮೂರು ವಾರ ದಾಟಿದಂತೆ ಹೆಚ್ಚು ಕಾಲ ಹಾಕಬೇಕು, ಫಲ ಕಡಿಮೆ. ಮೂರು ತಿಂಗಳ ಮೇಲಂತೂ ಭರವಸೆ ಬಹಳ ಸಣ್ಣದು. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಇಂಥ ಕಂಬಿಗಳು ಸಿದ್ಧವಾಗಿ ಮಾರಾಟಕ್ಕೆ ಬಂದವು. ಅಮೆರಿಕದ ಡಲ್ಲಾಸಿನಲ್ಲಿ ಸ್ಟೀವ್ ಬರ್ಡ್ ಮತ್ತು ಸಂಗಡಿಗರು ತೊಟ್ಟಿಲಿನಂಥ ಪ್ಲಾಸ್ಟಿಕ್ ಅಚ್ಚೊಂದನ್ನು ಮಾಡಿ 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹುಟ್ಟಿನಲ್ಲಿ ಸೊಟ್ಟಗಿದ್ದ ಕಿವಿಗಳಲ್ಲಿ ಸುಮಾರು ಶೇ. 30ರಷ್ಟು ಮೊದಲ ವಾರದಲ್ಲೇ ತಾವಾಗಿ ಸರಿಹೋದದ್ದನ್ನೂ ಅವರು ಹೇಳಿದ್ದಾರೆ. ಹೀಗಾಗಿ ಮೊದಲ ದಿನವೇ ಗಾಬರಿ ಬೇಡ, ಮೊದಲ ತಿಂಗಳೆಲ್ಲ ಉದಾಸೀನವೂ ಬೇಡ. ನಡುವಿನ ಕೆಲವೇ ದಿನಗಳಲ್ಲಿ ನಿರ್ಧಾರವಾಗಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೆರಳಿನಿಂದ ಹಗುರವಾಗಿ ಒತ್ತಿದಾಗ ಕಿವಿ ಸರಿಯಾದ ಆಕಾರಕ್ಕೆ ಬಂದರೆ ಎಲ್ಲ ಭಾಗ ಇದೆ, ಆಕಾರ ಮಾತ್ರ ಕೆಟ್ಟಿದೆ ಎಂದರ್ಥ. ಅಚ್ಚಿಗೆ ಕೇಳುವುದು ಅದು. ಭಾಗವೇ ಇಲ್ಲದ, ಕುಗ್ಗಿದ, ತೂತೇ ಮುಚ್ಚಿದ ಕಿವಿ ಬೇರೆ ಸಂಗತಿ. ಅಲ್ಲಿ ಟೇಪಿನ ಮಾತು ಬಿಟ್ಟು ಮೊದಲು ಕೂಸಿಗೆ ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಇಷ್ಟು ಓದಿ ಯಾರಾದರೂ ಮೆಡಿಕಲ್ ಅಂಗಡಿಯಿಂದ ಟೇಪು ತಂದು ತಾವೇ ಹಚ್ಚಲು ಹೋಗಬಾರದು. ಹತ್ತು ದಿನದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಕಂಬಿ ಒಂದು ಕಡೆ ಒತ್ತಿದರೆ ಅಲ್ಲಿ ಹುಣ್ಣು. ಟೇಪನ್ನು ಜೋರಾಗಿ ಕಿತ್ತರೆ ಚರ್ಮವೇ ಬರುತ್ತದೆ. ಕಡ್ಡಿ, ತಂತಿಯಂಥದ್ದು ಸಡಿಲಾಗಿ ಬಿದ್ದರೆ ಕೂಸಿನ ಬಾಯಿ ದೂರವಿಲ್ಲ. ಹಾಕುವವರು ಮಕ್ಕಳ ವೈದ್ಯರೋ ಕಿವಿ ವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು, ಮನೆಯವರು ದಿನಾ ಕೆಂಪಾಗಿದೆಯೇ ವಾಸನೆ ಬಂತೇ ಎಂದು ನೋಡುತ್ತಿರಬೇಕು.

ಕೊಪ್ಪಳ ಜಿಲ್ಲೆಯಲ್ಲಿ ಇದು ಎಲ್ಲಿ ತೊಡಕುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಎಣ್ಣೆ. ದಿನಾ ಎಣ್ಣೆ ತಿಕ್ಕಿ, ಸುಡು ಸುಡು ನೀರೆರೆದು, ಲೋಬಾನದ ಹೊಗೆ ಹಾಕುವ ಮನೆಯಲ್ಲಿ ಯಾವ ಟೇಪು ವಾರ ತಾಳೀತು? ಅಚ್ಚು ಇರುವಷ್ಟು ದಿನ ತಲೆಗೆ ನೀರಿಲ್ಲ, ಮೈ ಮಾತ್ರ ಒರೆಸಿ ಎಂದರೆ ಎರೆಯುವ ಅಜ್ಜಿ ಒಪ್ಪುವಳೇ? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬೆವರಿ ಟೇಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯದು ಬಾಣಂತಿ ಹೊಸ್ತಿಲು ದಾಟಬಾರದೆಂಬ ಕಟ್ಟು. ಅಚ್ಚಿಗೆ ವಾರಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು. ತವರಿನ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟು ಕಟ್ಟಿಕೊಂಡು ಕುಳಿತವಳಿಗೆ ಅದೇ ಹೊರಗೆ ಬರಬಾರದ ಕಾಲ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜು ಉಳಿದಿದೆ, ಗಾಳಿಯ ಭಯ ಉಳಿದೇ ಇದೆ. ಗಂಗಾವತಿಯ ಭತ್ತದ ಸೀಮೆಯವರು ಪೇಟೆಯ ಖಾಸಗಿ ಆಸ್ಪತ್ರೆಗೆ ಹೇಗೋ ಹೋಗಿಬರುತ್ತಾರೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ, ಗಂಡ ದುಡಿಯಲು ಮಂಗಳೂರಿಗೋ ಗೋವಾಕ್ಕೋ ಹೋದ ಮನೆಗಳಲ್ಲಿ, ಐದಾರು ವಾರ ಕೂಸನ್ನು ಎತ್ತಿಕೊಂಡು ಹೋಗುವವರು ಯಾರು?

ಆದರೂ ಒಂದು ಅನುಕೂಲ ನಮ್ಮ ಕೈಯಲ್ಲೇ ಇದೆ, ಅದು ಕಣ್ಣಿಗೆ ಬಿದ್ದಾಗ ನನಗೆ ಆಶ್ಚರ್ಯವಾಯಿತು. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬುದು ಸರ್ಕಾರದ ನಿಯಮ. ಕಿವಿಯ ಮೃದ್ವಸ್ಥಿ ಮೆತ್ತಗಿರುವ ಕಾಲವೂ ಹೆಚ್ಚುಕಡಿಮೆ ಇಷ್ಟೇ, ಯಾರೋ ಕಿವಿಗೆಂದೇ ಗೊತ್ತುಮಾಡಿದಂತಿದೆ. ಆಕೆ ತೂಕ ನೋಡುತ್ತಾಳೆ, ಜ್ವರ ನೋಡುತ್ತಾಳೆ, ಹೊಕ್ಕುಳು ನೋಡುತ್ತಾಳೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾಳೆ. ಕುಂಚಿಗೆ ಬಿಚ್ಚಿ ಎರಡು ಕಿವಿ ನೋಡಲು ಅರ್ಧ ನಿಮಿಷ ಸಾಕು. ಏಳನೇ ದಿನವೂ ಕಿವಿ ಹೊರಗೇ ನಿಂತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ ಎಂದರೆ ಅವಳ ಕೆಲಸ ಮುಗಿಯಿತು. ಇದು ತಪ್ಪಿದರೆ ಮುಂದೆ ಕೂಸು ಆಸ್ಪತ್ರೆಗೆ ಬರುವುದು ಒಂದೂವರೆ ತಿಂಗಳ ಇಂಜೆಕ್ಷನ್ನಿಗೆ, ಅಷ್ಟರಲ್ಲಿ ಹಿಟ್ಟು ಆರಿರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಅದರ ಪಟ್ಟಿಯಲ್ಲಿ ಹುಟ್ಟುಕಿವುಡು ಇದೆ, ಕಿವಿ ಸೋರುವುದು ಇದೆ. ಕಿವಿಯ ಆಕಾರ ಇಲ್ಲ, ಇದ್ದರೂ ಆ ವಯಸ್ಸಿಗೆ ಪ್ರಯೋಜನವಿಲ್ಲ. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಕಾಲೇಜಿದೆ, ತಾಲೂಕು ಆಸ್ಪತ್ರೆಗಳಿವೆ, ಹುಬ್ಬಳ್ಳಿ, ಬಳ್ಳಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಕೆಲವು ತಾಸಿನ ದಾರಿ. ಪರದೇಶದ ಸಿದ್ಧ ಅಚ್ಚು ದುಬಾರಿ ಎಂಬುದು ನಿಜ, ಆದರೆ ನಳಿಕೆ, ತಂತಿ, ಟೇಪು ಯಾವ ಆಸ್ಪತ್ರೆಯಲ್ಲಿ ಇರುವುದಿಲ್ಲ?

ಕಾಲ ಮೀರಿದ ಮೇಲೆ ಏನು? ಇಲ್ಲಿಂದ ಮುಂದೆ ದಾರಿ ಬೇಗ ಇಕ್ಕಟ್ಟಾಗುತ್ತದೆ, ವ್ಯಾಪಾರ ಅಗಲವಾಗುತ್ತದೆ. ಫೋನಿನಲ್ಲಿ ಕಿವಿ ಎಂದು ಒಂದು ಸಲ ಹುಡುಕಿದರೆ ಸಾಕು, ಕಿವಿಯನ್ನು ತಲೆಗೆ ಅಂಟಿಸುವ ಪಾರದರ್ಶಕ ಪಟ್ಟಿಗಳ ಜಾಹೀರಾತುಗಳು ಬೆನ್ನು ಹತ್ತುತ್ತವೆ. ದೊಡ್ಡವರು ಒಂದು ಮದುವೆಯ ಫೋಟೋಕ್ಕಾಗಿ ಅಂಥದ್ದು ಹಚ್ಚಿಕೊಂಡು ಸಂಜೆ ತೆಗೆದರೆ ತಕರಾರಿಲ್ಲ, ಅದು ಕಾಡಿಗೆ ಪೌಡರ್ ಇದ್ದ ಹಾಗೆ. ದಿನಾ ಹಚ್ಚಿದರೆ ಕಿವಿ ಶಾಶ್ವತವಾಗಿ ಒಳಗೆ ಹೋಗುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಮೂರು ವರ್ಷಕ್ಕೇ ಕಿವಿ ದೊಡ್ಡವರ ಕಿವಿಯ ಸುಮಾರು ಶೇ. 85ರಷ್ಟು ಬೆಳೆದಿರುತ್ತದೆ, ಗಟ್ಟಿಯೂ ಆಗಿರುತ್ತದೆ. ಮೇಲೆ ಹೇಳಿದ ತಂಗಿಯ ಮಗ ಹೈಸ್ಕೂಲಿನಲ್ಲಿದ್ದಾಗ ಗುಟ್ಟಾಗಿ ಅಂಥ ಪಟ್ಟಿ ತರಿಸಿ, ರಾತ್ರಿಯೆಲ್ಲ ಹಚ್ಚಿಕೊಂಡು ಮಲಗಿದ. ಮೂರನೇ ದಿನ ಕಿವಿಯ ಹಿಂದೆ ಕೆಂಪು, ಐದನೇ ದಿನ ನೀರುಗುಳ್ಳೆ. ಸೆಕೆಗಾಲ, ಬೆವರು. ಮುಲಾಮು ಹಚ್ಚಿ ಆರಲು ಎರಡು ವಾರ ಹಿಡಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಚಪ್ಪಲಿ ಅಂಟಿಸುವ ಗಮ್ಮನ್ನು ಹಚ್ಚಿಕೊಳ್ಳುವುದು; ಹುಡುಗರು ಅದನ್ನೂ ಮಾಡಿಯಾರು, ಮನೆಯಲ್ಲಿ ಮೊದಲೇ ಹೇಳಿಡುವುದು ಒಳ್ಳೆಯದು.

ಪಟ್ಟಿ ಬಿಗಿದು ಕಟ್ಟುವುದು, ಎಣ್ಣೆ ತಿಕ್ಕುವುದು, ಕಿವಿಯ ವ್ಯಾಯಾಮ, ಯಾವುದಕ್ಕೂ ಗಟ್ಟಿಯಾದ ಮೃದ್ವಸ್ಥಿ ಜಗ್ಗುವುದಿಲ್ಲ. ಲೇಸರ್ ಬೆಳಕಿನಿಂದ ಮೃದ್ವಸ್ಥಿಯನ್ನು ಸಡಿಲಿಸಿ ಅಚ್ಚು ಹಾಕುವ ಪ್ರಯೋಗ ಫ್ರಾನ್ಸಿನಲ್ಲಿ ನಡೆದಿದೆ, ಅದನ್ನು ನಂಬಿ ಇಲ್ಲಿ ಯಾರೂ ಕಾಯುವ ಹಂತ ಬಂದಿಲ್ಲ. ಹೊಲಿಗೆ ಹಾಕಿ ಎಳೆಯುವ, ಗಾಯವಿಲ್ಲದ್ದು ಎಂದು ಕರೆಸಿಕೊಳ್ಳುವ ವಿಧಾನಗಳು ಹೆಸರಿಗೆ ಏನಿದ್ದರೂ ಶಸ್ತ್ರಚಿಕಿತ್ಸೆಯೇ.

ಒಡವೆಯ ಉಪಾಯ ನಮ್ಮ ಕಡೆ ಹಳೆಯದು. ದೊಡ್ಡ ಬೆಂಡೋಲೆ, ಜುಮಕಿ ಹಾಕಿದರೆ ನೋಡುವವರ ಕಣ್ಣು ಕಿವಿಯ ಅಗಲಕ್ಕೆ ಹೋಗದೆ ಒಡವೆಗೆ ಹೋಗುತ್ತದೆ, ಇದು ನಿಜ. ಆದರೆ ಭಾರಕ್ಕೆ ಜಗ್ಗುವುದು ಹಾಲೆ, ಮೇಲಿನ ಕಿವಿಯಲ್ಲ. ಕಿವಿಯ ಮೇಲಂಚಿಗೆ ಚುಚ್ಚಿಸುವಾಗ ಬಹಳ ಎಚ್ಚರ ಬೇಕು. ಹಾಲೆಯ ತೂತು ಕೀವಾದರೂ ಬೇಗ ಮಾಯುತ್ತದೆ. ಮೃದ್ವಸ್ಥಿಗೆ ನಂಜಾದರೆ ಅದು ಕರಗಿ ಕಿವಿ ಮುದ್ದೆಯಾಗಿಬಿಡಬಹುದು. ಪತ್ತಾರರ ಅಂಗಡಿಯಲ್ಲಾಗಲಿ ಪೇಟೆಯ ಗನ್ನಿನಲ್ಲಾಗಲಿ ಮೇಲಂಚಿಗೆ ಚುಚ್ಚಿಸದಿರುವುದೇ ವಾಸಿ.

ಇನ್ನು ಕೂದಲು. ಇದನ್ನು ಹಗುರವಾಗಿ ನೋಡುವವರೇ ಹೆಚ್ಚು, ಆದರೆ ದಿನನಿತ್ಯದಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಯಾವುದೂ ಇಲ್ಲ. ಈಗಿನ ಕಟಿಂಗ್ ಅಂಗಡಿಗಳಲ್ಲಿ ಬದಿಯ ಕೂದಲನ್ನು ಮಷೀನಿನಿಂದ ಬೋಳಿಸಿ ಮೇಲೆ ಮಾತ್ರ ಗುಡ್ಡೆ ಬಿಡುವುದು ಫ್ಯಾಷನ್. ಚಾಚಿದ ಕಿವಿಗೆ ಅದಕ್ಕಿಂತ ವೈರಿ ಇಲ್ಲ. ಬದಿಗೆ ಎರಡು ಬೆರಳಿನಷ್ಟು ಕೂದಲು ಬಿಡಿಸಿದರೆ ಅರ್ಧ ಕಿವಿ ಅದರಲ್ಲೇ ಕರಗುತ್ತದೆ. ಹುಡುಗಿಯರದು ಬೇರೆ ಕಷ್ಟ. ಶಾಲೆಯ ಶಿಸ್ತೆಂದು ಎರಡು ಜಡೆ ಹೆಣೆದು ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಿದರೆ ಕಿವಿ ಪೂರ್ತಿ ಬಯಲಾಗುತ್ತದೆ. ಒಂದೇ ಜಡೆ, ಕಿವಿಯ ಮೇಲೆ ಸಡಿಲವಾಗಿ ಬಾಚಿದ್ದು, ಅಷ್ಟಕ್ಕೆ ಬಿಡಿ ಎಂದು ತಾಯಿ ಬಂದು ಕೇಳಿದಾಗ ಅಕ್ಕೋರು ಒಪ್ಪಿದರೆ ಶಿಸ್ತು ಕೆಡುವುದಿಲ್ಲ. ಅಡ್ಡಹೆಸರು ಕೂಗುವುದನ್ನು ತಡೆಯುವುದೂ ತರಗತಿಯಲ್ಲಿ ಆಗುವ ಕೆಲಸವೇ, ಹುಡುಗನ ಕಿವಿಗೆ ಮದ್ದು ಹುಡುಕುವುದಕ್ಕಿಂತ ಅಗ್ಗದ್ದು. ಐದಾರು ವರ್ಷದವರೆಗೆ ಮಕ್ಕಳಿಗೆ ತಮ್ಮ ಕಿವಿ ಹೇಗಿದೆ ಎಂಬ ಪರಿವೆಯೇ ಇರುವುದಿಲ್ಲ, ಅದನ್ನು ತಂದುಕೊಡುವವರು ನಾವೇ.

ಅಷ್ಟಾಗಿಯೂ ಮಗುವಿಗೇ ಬೇಕೆನಿಸಿದರೆ ಐದಾರು ವರ್ಷದ ಮೇಲೆ ಶಸ್ತ್ರಚಿಕಿತ್ಸೆ ಇದ್ದೇ ಇದೆ. ಅದರ ಚರ್ಚೆ ಇಲ್ಲಿ ಬೇಡ. ನಮ್ಮಂಥ ಕಪ್ಪು ಚರ್ಮದಲ್ಲಿ ಗಾಯದ ಕಲೆ ದಪ್ಪ ಗಂಟಾಗಿ ಬೆಳೆಯುವುದು ಹೆಚ್ಚು, ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು ಎಂಬುದಷ್ಟು ನೆನಪಿರಲಿ.

ಒಂದು ಚಾಚಿದ ಕಿವಿಗೆ ಮಾತ್ರ ಕಾಯುವಂತಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಕಿವಿ ಒಂದೇ ಬದಿಗೆ ಒಮ್ಮೆಲೇ ಹೊರಕ್ಕೆ, ಕೆಳಕ್ಕೆ ಬಂದಿದೆ, ಹಿಂದಿನ ಎಲುಬಿನ ಮೇಲೆ ಬಾವು, ಮುಟ್ಟಿದರೆ ಕೂಸು ಚೀರುತ್ತದೆ, ಜ್ವರ ಇದೆ ಎಂದರೆ ಅದು ಒಳಗಿನ ಕೀವು ಎಲುಬಿಗೆ ಇಳಿದ ಗುರುತು. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು, ತಡವಾದರೆ ಮಿದುಳಿಗೂ ಹಬ್ಬೀತು. ಕಿವಿ ಸೋರುವುದನ್ನು "ಹಲ್ಲು ಬರೋ ಹೊತ್ತಿಗೆ ಹಂಗ" ಎಂದು ಬಿಡುವ, ಬಿಸಿ ಎಣ್ಣೆ ಬಿಡುವ ಮನೆಗಳು ಈ ಜಿಲ್ಲೆಯ ತಾಲೂಕುಗಳಲ್ಲಿ ಇನ್ನೂ ಇವೆ. ಹೊರಗಿನ ಕಿವಿಯ ಬಗ್ಗೆ ನಾವು ಆಡುವ ಮಾತಿನ ಹತ್ತರಲ್ಲೊಂದು ಪಾಲು ಒಳಗಿನ ಕಿವಿಯ ಬಗ್ಗೆ ಆಡಿದ್ದರೆ ಎಷ್ಟೋ ಕಿವುಡು ತಪ್ಪುತ್ತಿತ್ತು.

ತಂಗಿಯ ಮಗ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಕೂದಲು ಉದ್ದ ಬಿಡುವುದನ್ನೂ ಬಿಟ್ಟಿದ್ದಾನೆ. ಮೊನ್ನೆ ಬಂದಾಗ, ಆಪರೇಷನ್ ಮಾಡಿಸ್ತೀ ಏನೋ ಅಂತ ಕೇಳಿದೆ. ಗಾಡಿಯಿಂದ ಇಳಿದು ಹೆಲ್ಮೆಟ್ಟನ್ನು ಒಂದು ಬದಿಯಿಂದ ಮೆಲ್ಲಗೆ ಓರೆ ಮಾಡಿ ತೆಗೆಯುತ್ತಿದ್ದ. "ಯಾಕ್ ಮಾಮಾ," ಅಂದ, "ಇದನ್ನ ತಗಿಯೂವಾಗ ಅಷ್ಟ ತ್ರಾಸ ನೋಡು."